ಮೂರನೆಯ ಪಿನ್ನು

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ನನ್ನ ಕೆಂಪು ಪೆನ್ನಿನ ತುದಿಯನ್ನು ಪ್ಲಗ್ಗಿನ ಬೋರ್ಡಿನ ಮೇಲಿನ ತೂತಿಗೆ ಒತ್ತಿದೆ. ಕೆಡಲು ಶುರುವಾದದ್ದು ಅಲ್ಲಿಂದ. ಸಮಯ ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ವೇದಿಕೆಯ ಎದುರಿಗೇ ಕಾಲೇಜಿನ ಗೋಡೆ ಗಡಿಯಾರವಿತ್ತು; ಕಾರ್ಯಕ್ರಮ ಹತ್ತು ನಿಮಿಷ ತಡವಾಗಿದೆ ಎಂದು ನಿರೂಪಕಿ ಎರಡು ಸಲ ಮೈಕಿನಲ್ಲಿ ಹೇಳಿ ನನ್ನ ಕಡೆ ನೋಡಿದ್ದಳು.

ಇವತ್ತು ಬೆಳಿಗ್ಗೆ ಶೇಂಗಾ ಚಟ್ನಿಗೆಂದು ಮಿಕ್ಸರಿನ ಪ್ಲಗ್ಗು ಕೈಗೆ ಬಂದಾಗ ಅದೆಲ್ಲ ಮತ್ತೆ ನೆನಪಾಯಿತು. ಪಿನ್ನುಗಳನ್ನು ಎಣಿಸುತ್ತ ನಿಂತುಬಿಟ್ಟಿದ್ದೆ.

"ಏನ್ರಿ, ಪ್ಲಗ್ ಹಾಕಾಕ ಮುಹೂರ್ತ ನೋಡಾಕತ್ತೀರೇನು?" ಎಂದಳು ಹೆಂಡತಿ.

ನಾನು ಮುಂಡರಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು. ಪ್ರತಿ ವರ್ಷ ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ಪ್ಲಗ್ಗಿನ ಚಿತ್ರ ಬರೆದು, "ಮೇಲಿನ ದಪ್ಪ ಪಿನ್ನು ಅರ್ಥಿಂಗಿನದು. ಯಂತ್ರದೊಳಗೆ ದಾರಿ ತಪ್ಪಿದ ಕರೆಂಟು ಮನುಷ್ಯನ ಮೈಗೆ ಹೋಗದೆ ನೆಲಕ್ಕೆ ಹೋಗಲಿ ಎಂದು ಇಟ್ಟದ್ದು" ಎಂದು ಹೇಳಿಕೊಡುತ್ತೇನೆ. ಬರೆಯದವರಿಗೆ ಅಂಕ ಕೊಡುವುದಿಲ್ಲ. ಅದೇ ಕೆಂಪು ಪೆನ್ನಿನಿಂದ ಎಷ್ಟೋ ಉತ್ತರಗಳ ಮೇಲೆ ಅಡ್ಡಗೆರೆ ಎಳೆದಿದ್ದೇನೆ.

ಮೊದಲು ಹಾಡಿನ ಕಥೆ ಹೇಳಬೇಕು. ಹಾಡು ಚನ್ನುವಿನದು. ಶಿಗ್ಲಿಯ ಚನ್ನು ಗದಗಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಈಗ ಲಕ್ಷ್ಮೇಶ್ವರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದಾನೆ. ನಾವು ಮೂವರು ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೆವು. ಬೆಟಗೇರಿಯ ರಫೀಕ ಮದುವೆಯ ಬ್ಯಾಂಡಿನ ಡ್ರಮ್ಮು ತರುತ್ತಿದ್ದ. ಚನ್ನು ಎಲೆಕ್ಟ್ರಿಕ್ ಗಿಟಾರು ಬಾರಿಸಿ ಹಾಡುತ್ತಿದ್ದ. ನಾನು ಎರಡನೆಯ ಗಿಟಾರು. ಎರಡನೆಯ ಗಿಟಾರು ಎಂದರೆ ಮದುವೆಯಲ್ಲಿ ವರನ ಪಕ್ಕ ಕೂತ ಗೆಳೆಯನಿದ್ದಂತೆ. ಫೋಟೋದಲ್ಲಿ ಇರುತ್ತಾನೆ, ಯಾರು ಎಂದು ಯಾರೂ ಕೇಳುವುದಿಲ್ಲ.

ಸಂಜೆಯ ಬಸ್ಸಿಗೆ ಶಿರಹಟ್ಟಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳನ್ನು ನೋಡಲು ಚನ್ನು ದಿನವೂ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದ. ಮಾತಾಡುತ್ತಿರಲಿಲ್ಲ. ಬಸ್ಸು ಹೋದ ಮೇಲೆ ಅವಲಕ್ಕಿ ತಿಂದು ವಾಪಸು ಬರುತ್ತಿದ್ದ. ಒಂದು ದಿನ ಅವಳು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಬೇರೆಯವರಾದರೆ ಒಂದು ವಾರ ಗಡ್ಡ ಬಿಡುತ್ತಿದ್ದರು. ಚನ್ನು ನಮ್ಮ ಪ್ರಾಕ್ಟೀಸಿನ ರೂಮಿನಲ್ಲಿ ಕೂತು ಒಂದು ಹಾಡು ಮಾಡಿದ. ನಾವು ಅದಕ್ಕೆ 'ಶಿರಹಟ್ಟಿ ಬಸ್ಸು' ಎನ್ನುತ್ತಿದ್ದೆವು.

ಅದರ ಗುಟ್ಟು ನನಗೆ ಗೊತ್ತು, ಬಾರಿಸಲು ಮಾತ್ರ ಬರುವುದಿಲ್ಲ. ಅವನು ಗಿಟಾರನ್ನು ತಮ್ಮೂರ ಭಜನೆಯ ಹಾರ್ಮೋನಿಯಮ್ಮಿಗೆ ಶ್ರುತಿ ಮಾಡಿಕೊಂಡಿದ್ದ. ಅದು ಎಲ್ಲರ ಗಿಟಾರಿಗಿಂತ ಒಂದು ಮನೆ, ಎಂದರೆ ಒಂದು ಸ್ವರಸ್ಥಾನ, ಕೆಳಗಿನದು. ಹೀಗಾಗಿ ತಂತಿಗಳು ಸಡಿಲ. ಸಡಿಲ ತಂತಿಯನ್ನು ಎಳೆದರೆ ಸ್ವರ ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಇಡುವುದಿಲ್ಲ, ಜಾರುತ್ತದೆ. ಗವಾಯಿಗಳು ಮೀಂಡು ತೆಗೆದಂತೆ. ಮೊದಲ ಮುಕ್ಕಾಲು ನಿಮಿಷ ಮಾತೇ ಇಲ್ಲ, ಗಿಟಾರು ಒಂದೇ. ಕೇಳುವವನಿಗೆ ಕಾಯುವುದು ಅಭ್ಯಾಸವಾಗುವಷ್ಟು ಹೊತ್ತು. ಆಮೇಲೆ ಚನ್ನು ಮೈಕಿನ ಹತ್ತಿರ ಬಂದು, "ಬಸ್ಸು ಹೋತು, ಧೂಳು ಉಳೀತು" ಎಂದು ಮಾತಾಡಿದಷ್ಟೇ ಮೆಲ್ಲಗೆ ಶುರುಮಾಡುತ್ತಾನೆ. ಮೂರನೆಯ ನುಡಿಯ ನಂತರ ಡ್ರಮ್ಮು ಬೀಳುತ್ತದೆ, ಗಿಟಾರು ಅಳುತ್ತ ಮೇಲೇರುತ್ತದೆ, ಮತ್ತೆ ಎಲ್ಲ ನಿಂತು ಮೊದಲಿನ ಆ ಒಂದೇ ಸ್ವರ ಉಳಿಯುತ್ತದೆ. ಧೂಳಿನ ಹಾಗೆ. ಅಷ್ಟೇ ಹಾಡು.

ಆ ಅಷ್ಟೇ ಹಾಡು ಮೂವತ್ತು ವರ್ಷದಿಂದ ಸಾಯುತ್ತಿಲ್ಲ. ನಾವು ತುಂಬಿಸಿದ್ದು ಒಂದೇ ಕ್ಯಾಸೆಟ್ಟು. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು, ಆಮೇಲೆ ಫೋನಿನಿಂದ ಫೋನಿಗೆ. ಪ್ರತಿ ವರ್ಷ ಯಾವುದಾದರೂ ಕಾಲೇಜಿನ ಗ್ಯಾದರಿಂಗಿನಲ್ಲಿ ಯಾರಾದರೂ ಅದನ್ನು ಹಾಡುತ್ತಾರೆ. ಒಂದು ಸಲ ನನ್ನ ವಿದ್ಯಾರ್ಥಿನಿಯೇ ಬಂದು, "ಸರ್, ಚನ್ನು ಅವರು ನಿಮಗ ಖರೇನ ಪರಿಚಯ ಅದಾರೇನ್ರಿ?" ಎಂದು ಕೇಳಿದಳು. ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತ ಅದನ್ನೇ ಗುನುಗುತ್ತಾಳೆ. ರೊಟ್ಟಿಯ ಬಡಿತಕ್ಕೆ ಅದು ಸರಿಯಾಗಿ ಹೊಂದುತ್ತದೆ ಎಂಬುದು ಇನ್ನೂ ದೊಡ್ಡ ಸಂಕಟ. ನಾನೂ ಅದೇ ಬಸ್ ನಿಲ್ದಾಣದಲ್ಲಿ ನಿಂತವನು. ಅದೇ ಹುಡುಗಿಯನ್ನು ನೋಡಿದವನು. ನನಗೆ ಸಿಕ್ಕಿದ್ದು ಅವಲಕ್ಕಿ ಮಾತ್ರ.

ಆದರೆ ಆ ಹಾಡಿನಲ್ಲಿ ನನ್ನದೂ ಒಂದು ಪಾಲಿತ್ತು ಎಂದು ನಾನು ನಂಬಿದ್ದೆ. ಕಾಲೇಜಿನ ದಿನಗಳಲ್ಲಿ ಚನ್ನುವಿನ ಗಿಟಾರಿಗೆಂದು ಹುಬ್ಬಳ್ಳಿಯ ಆರ್ಕೆಸ್ಟ್ರಾದವರೊಬ್ಬರಿಂದ ಹಳೆಯ ಆಂಪ್ಲಿಫೈಯರ್ ತಂದಿದ್ದೆವು. ಮೈಕಿನ ಸೆಟ್ಟಿನ ಜೊತೆ ಹಚ್ಚಿದರೆ ಅದು 'ಗುಂಯ್' ಎಂದು ಸಣ್ಣಗೆ ಒಂದೇ ಸಮನೆ ಗುನುಗುತ್ತಿತ್ತು. ನಾನು ಬಿ.ಎಸ್ಸಿ. ಓದುವ ಜಾಣ. ಗರಗಸದ ಬ್ಲೇಡಿನಿಂದ ಅದರ ಪ್ಲಗ್ಗಿನ ಮೇಲಿನ ಮೂರನೆಯ ಪಿನ್ನನ್ನು ಕೊಯ್ದು ಹಾಕಿದೆ. ಗುಂಯ್ ನಿಂತಿತು. ಮೊದಲ ಸ್ವರದ ಹಿಂದೆ ಇರುವ ಆ ಸ್ವಚ್ಛ ಮೌನ ನನ್ನದು ಎಂದು ಅವತ್ತಿನಿಂದ ಲೆಕ್ಕ ಹಾಕಿಕೊಂಡೆ. ಯಾರೂ ಅದನ್ನು ಹೊಗಳಲಿಲ್ಲ. ಮೌನವನ್ನು ಯಾರು ಹೊಗಳುತ್ತಾರೆ? ಕೊಯ್ದ ಹಿತ್ತಾಳೆಯ ತುಂಡನ್ನು ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ, ಪದಕ ಇಟ್ಟುಕೊಳ್ಳುವವರ ಹಾಗೆ.

ಮೂವತ್ತು ವರ್ಷದ ಮೇಲೆ ನಮ್ಮ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಚನ್ನು ಬಂದು ಹಾಡಬೇಕು ಎಂದಾಗ, ಅಟ್ಟದ ಮೇಲಿದ್ದ ಆ ಆಂಪ್ಲಿಫೈಯರನ್ನು ನಾನೇ ಇಳಿಸಿ ಒರೆಸಿ ಗದಗಿಗೆ ಒಯ್ದೆ. ಮೈಕಿನ ಸೆಟ್ಟಿನವನು ಪ್ಲಗ್ಗು ನೋಡಿ ಹಿಂದೆ ಸರಿದ.

"ಸರ್, ಇದಕ್ಕ ಮ್ಯಾಲಿನ ಪಿನ್ನ ಇಲ್ಲಲ್ರಿ. ನಮ್ಮ ಹೊಸ ಬೋರ್ಡಿನಾಗ ಇದು ಒಳಗ ಹೋಗೂದಿಲ್ರಿ."

"ಆ ಪಿನ್ನು ಇಲ್ಲದ್ದಕ್ಕನ ಆ ಹಾಡು ಹಾಡಾಗೇತಿ," ಎಂದೆ. "ನಾ ಸೈನ್ಸ್ ಮಾಸ್ತರ ಅದೀನಿ. ನನಗ ಗೊತ್ತೈತಿ, ಬಾಜೂಕ ಸರಿ."

ಮೇಲಿನ ತೂತಿಗೆ ಏನಾದರೂ ಒತ್ತಿದರೆ ಕೆಳಗಿನ ಎರಡರ ಬಾಯಿ ತೆರೆಯುತ್ತದೆ; ಇದು ನಮ್ಮ ಕಡೆ ಎಲ್ಲ ಮನೆಗಳಿಗೂ ಗೊತ್ತಿರುವ ವಿದ್ಯೆ. ಪೆನ್ನು ಒತ್ತಿದೆ. ಆರು ನಲವತ್ತು.

ಚನ್ನು ಶುರುಮಾಡಿದ. ತಲೆಯಲ್ಲಿ ಒಂದೂ ಕೂದಲು ಕಡಿಮೆಯಾಗಿರಲಿಲ್ಲ, ಅದನ್ನೂ ಗಮನಿಸಿದೆ. ನಾನು ವೇದಿಕೆಯ ಅಂಚಿನಲ್ಲಿ, ಬೋರ್ಡಿನ ಪಕ್ಕ, ಕೈಕಟ್ಟಿ ನಿಂತಿದ್ದೆ. ನನಗೆ ಗಿಟಾರು ತಾ ಎಂದು ಯಾರೂ ಹೇಳಿರಲಿಲ್ಲ. ಮೊದಲ ಸ್ವರಕ್ಕೇ ಜನ ಸುಮ್ಮನಾದರು. ಮುಕ್ಕಾಲು ನಿಮಿಷ ಕಳೆಯಿತು. ಅವನು ಮುಂದೆ ಬಂದು ಎಡಗೈ ತಂತಿಯ ಮೇಲಿರುವಂತೆಯೇ ಬಲಗೈಯಿಂದ ಮೈಕಿನ ಕಬ್ಬಿಣದ ಸ್ಟ್ಯಾಂಡು ಹಿಡಿದ. ಕಣ್ಣು ಮುಚ್ಚಿದವು. ಕತ್ತು ಹಿಂದಕ್ಕೆ ಬಾಗಿತು. ಮೈಯೆಲ್ಲ ಸಣ್ಣಗೆ ನಡುಗತೊಡಗಿತು. ಗಿಟಾರಿನಿಂದ ಒಂದು ಸ್ವರ ಜಾರದೆ ಹಾಗೇ ನಿಂತಿತು. ಜನ ಚಪ್ಪಾಳೆ ತಟ್ಟಿದರು. ನಾನು ಅಂದುಕೊಂಡೆ: ನೋಡು, ಹೆಂಗ ನಾಟಕ ಮಾಡಾಕತ್ತಾನ.

ಆಮೇಲೆ ಅವನ ಹಲ್ಲು ಕಂಡವು. ಹಾಡುವವನ ಹಲ್ಲು ಹಾಗೆ ಕಾಣುವುದಿಲ್ಲ. ನೆಲಕ್ಕೆ ಹೋಗಬೇಕಿದ್ದ ಕರೆಂಟು ಗಿಟಾರಿನ ತಂತಿಯಿಂದ ಅವನ ಮೈಯೊಳಗೆ ಹಾಯ್ದು ಸ್ಟ್ಯಾಂಡಿಗೆ ಹರಿಯುತ್ತಿತ್ತು. ಆಂಪ್ಲಿಫೈಯರಿನ ವಯರು ಹಿಡಿದು ಜಗ್ಗಿದೆ. ಪ್ಲಗ್ಗು ಕಿತ್ತು ಬಂತು. ಚನ್ನು ಸ್ಟ್ಯಾಂಡಿನ ಸಮೇತ ಬಿದ್ದ.

ಉಸಿರಾಡುತ್ತಿದ್ದ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಹೃದಯಕ್ಕೆ ಏನೂ ಆಗಿಲ್ಲ ಎಂದರು. ಎಡಗೈಯ ಎರಡು ಬೆರಳ ತುದಿ ಸುಟ್ಟಿದ್ದವು. ನನಗೆ ಶಾಲೆಯಲ್ಲಿ ಶಾಲು ಹೊದಿಸಿದರು, ಸಮಯಪ್ರಜ್ಞೆಯಿಂದ ಜೀವ ಉಳಿಸಿದ ಶಿಕ್ಷಕ ಎಂದು. ಮೂವತ್ತು ವರ್ಷ ಕಾದ ಚಪ್ಪಾಳೆ ಅದು. ಶಾಲು ಉಲ್ಲನ್ನಿನದು, ಮುಂಡರಗಿಯ ಬಿಸಿಲಿನಲ್ಲಿ. ಮೈಮೇಲೆ ಇರುವೆ ಹರಿದಂತಾಯಿತು.

ಏಕೆಂದರೆ ಅಷ್ಟರಲ್ಲಿ ಯಾರೋ ತೆಗೆದ ವಿಡಿಯೋ ನನ್ನ ಫೋನಿಗೂ ಬಂದಿತ್ತು. ಚನ್ನು ಸ್ಟ್ಯಾಂಡು ಹಿಡಿದದ್ದಕ್ಕೂ ನಾನು ವಯರು ಜಗ್ಗಿದ್ದಕ್ಕೂ ನಡುವೆ ನಾಲ್ಕು ಸೆಕೆಂಡು. ಎಡಗಡೆಯ ಮೂಲೆಯಲ್ಲಿ ನಾನಿದ್ದೇನೆ. ಕೈಕಟ್ಟಿದ್ದೇನೆ. ನಗುತ್ತಿದ್ದೇನೆ. ಬೇರೆ ಯಾರಿಗೂ ಕಾಣದ ಆ ನಗುವನ್ನು ನಾನು ಎಷ್ಟು ಸಲ ನೋಡಿದೆನೋ. ಕಣ್ಣು ಮುಚ್ಚಿದರೆ ಸಾಕು, ಒಂದು, ಎರಡು, ಮೂರು, ನಾಲ್ಕು. ನಿದ್ದೆ ಹೋಯಿತು. ಹೆಂಡತಿ ಹಾಲಿಗೆ ಜಾಯಿಕಾಯಿ ತೇಯ್ದು ಕೊಟ್ಟಳು. ಅದಕ್ಕೆ ಮದ್ದು ಜಾಯಿಕಾಯಿಯಲ್ಲಿ ಇರಲಿಲ್ಲ.

ಒಂದು ಭಾನುವಾರ ಆ ಹಿತ್ತಾಳೆಯ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಶಿರಹಟ್ಟಿ ಮೇಲೆ ಹಾಯ್ದು ಲಕ್ಷ್ಮೇಶ್ವರಕ್ಕೆ ಹೋದೆ. ಚನ್ನು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಬ್ಯಾಂಡೇಜಿನ ಕೈ ತೊಡೆಯ ಮೇಲಿಟ್ಟು, ಹೆಂಡತಿ ಗಾಜು ಕೊಯ್ಯುವುದನ್ನು ನೋಡುತ್ತ ಕೂತಿದ್ದ.

"ಬಾರಲೇ, ಶಾಲಿನ ಸಾಹೇಬ," ಎಂದ. "ಗಿರಿಜಾ, ಚಾ ಮಾಡು. ನನ್ನ ಜೀವ ಉಳಿಸಿದಾಂವ ಬಂದಾನ."

"ಕುಂಡ್ರಿ ಅಣ್ಣಾರ," ಎಂದು ಅವಳು ಒಳಗೆ ಹೋದಳು. ನಾನು ಕೂರಲಿಲ್ಲ.

"ಚನ್ನು, ನಾ ಜಲ್ದಿ ಜಗ್ಗಲಿಲ್ಲ. ನೀ ನಾಟಕ ಮಾಡಾಕತ್ತಿ ಅನಕೊಂಡೆ. ನಕ್ಕೊಂತ ನಿಂತಿದ್ದೆ."

"ವಿಡಿಯೋ ನಾನೂ ನೋಡೇನಿ. ಆ ನಗಿ ನನಗ ಹೊಸಾದಲ್ಲ. ಮೂವತ್ತು ವರ್ಷದಿಂದ ನಾ ಹಾಡಾಕ ನಿಂತಾಗೊಮ್ಮಿ ನೀ ಹಂಗ ನಗತಿ."

ಇದು ಅವನಿಗೆ ಗೊತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಕಿಸೆಯಿಂದ ತುಂಡು ತೆಗೆದು ಅವನ ಅಂಗೈಯಲ್ಲಿಟ್ಟೆ. ಏನೆಂದು ಹೇಳಿದೆ, ಯಾಕೆ ಕೊಯ್ದೆ ಎಂದು ಹೇಳಿದೆ, ಸೆಟ್ಟಿನವನು ಎಚ್ಚರಿಸಿದ್ದನ್ನೂ ಹೇಳಿದೆ. ಈ ಸಲ ಅವನು ಚೇಷ್ಟೆ ಮಾಡಲಿಲ್ಲ. ಅದನ್ನು ಹೊರಳಿಸಿ ಹೊರಳಿಸಿ ನೋಡಿದ.

"ಇದು ಗೊತ್ತಿರಲಿಲ್ಲ ನನಗ," ಎಂದ. "ಹುಡುಗೂರಿಗೆ ಕಲಿಸಾಂವಲೇ ನೀ."

ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ. ತುಂಡನ್ನು ಅಂಗೈಯಲ್ಲೇ ಹಿಡಿದುಕೊಂಡು ಅವನು ಕೇಳಿದ: "ಗುಂಯ್ ಅನ್ನೂದು ನಿಲ್ಲಲಿ ಅಂತ ಕೊಯ್ದಿ?"

"ಹೂಂ. ಹಾಡು ಸ್ವಚ್ಛ ಕೇಳ್ಲಿ ಅಂತ."

"ಆ ಗುಂಯ್ ನನಗ ಬೇಕಾಗಿತ್ತಲೇ. ತಂಬೂರಿ ಇದ್ದಂಗ ಇತ್ತು ಅದು. ಅದರ ಮ್ಯಾಲ ಹಾಡು ಮಾಡಿದ್ದೆ. ನೀ ನಿಲ್ಲಿಸಿದಿ. ಭಾಳ ಖುಷಿಯಾಗಿದ್ದಿ ಅಂತ ಸುಮ್ಮನಾದೆ."

ಅಂಗಡಿಯ ಗೋಡೆಗೆ ಒರಗಿಸಿದ್ದ ಯಾರದೋ ಅಜ್ಜನ ಫೋಟೋ ನನ್ನನ್ನೇ ನೋಡುತ್ತಿತ್ತು. ಆ ಹಾಡಿನಲ್ಲಿ ನನ್ನದು ಎಂದು ನಾನು ಕಾಪಾಡಿಕೊಂಡಿದ್ದ ಒಂದೇ ಒಂದು ವಸ್ತು, ಹಾಡು ಮಾಡಿದವನಿಗೆ ಬೇಡವಾಗಿತ್ತು. ಅವನು ನನ್ನ ಸಲುವಾಗಿ ಅದನ್ನು ಮೂವತ್ತು ವರ್ಷ ಸಹಿಸಿಕೊಂಡಿದ್ದ. ಹೊಟ್ಟೆಕಿಚ್ಚು ಪಡಲು ಹಿಡಿದುಕೊಂಡಿದ್ದ ಕೊನೆಯ ಗೂಟವೂ ಕಿತ್ತು ಬಂತು. ನನಗೆ ನಗು ಬಂತು, ವಿಡಿಯೋದಲ್ಲಿದ್ದ ನಗುವಲ್ಲ.

"ನಗಬ್ಯಾಡ," ಎಂದ ಚನ್ನು. "ಸಿಟ್ಟು ಇನ್ನೂ ಹೋಗಿಲ್ಲ ನನಗ. ಒಳಗ ಮರದ ಗಿಟಾರ ಐತಿ, ತಗೊಂಡು ಬಾ. ಬೆರಳು ಮಾಯೂತನಕ ಹಾಡು ನಿನ್ನ ಕಡೆ."

ಬಾರಿಸಿದೆ. ತಂತಿ ಸಡಿಲವಿದ್ದರೂ ನನ್ನ ಸ್ವರ ಜಾರಲಿಲ್ಲ, ಎಡವಿತು. "ಬಸ್ಸು ಪಂಕ್ಚರ್ ಆತು," ಎಂದ ಚನ್ನು. ಮತ್ತೆ ಬಾರಿಸಿದೆ. ಈ ಸಲ ಅವನು ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ 'ಗುಂಯ್' ಎಂದು ಕೆಳಗಿನ ಸ್ವರ ಹಿಡಿದು ಕೂತ, ಒಂದೇ ಸಮನೆ. ಅದರ ಮೇಲೆ ನನ್ನ ಎಡವು ಅಷ್ಟು ಕೇಳಿಸಲಿಲ್ಲ. ಗಿರಿಜಾ ಬಾಗಿಲಿಗೆ ಬಂದು ನಿಂತಳು. ತಣ್ಣಗಾದ ಚಹಾ ಒಯ್ದು ಬಿಸಿ ಮಾಡಿ ತಂದಳು.

ಆಂಪ್ಲಿಫೈಯರಿಗೆ ಹೊಸ ವಯರು, ಹೊಸ ಪ್ಲಗ್ಗು ಹಾಕಿಸಿದ್ದೇನೆ. ಅದು ಈಗ ಗುಂಯ್ ಎನ್ನುತ್ತದೆ. ಆ ತುಂಡು ಚನ್ನುವಿನ ಹತ್ತಿರವೇ ಇದೆ, ವಾಪಸು ಕೇಳಿಲ್ಲ. ಈ ವರ್ಷ ಪ್ಲಗ್ಗಿನ ಪಾಠ ಮಾಡುವಾಗ ಮೂರನೆಯ ಪಿನ್ನು ಕೊಯ್ದವನ ಕಥೆಯನ್ನೂ ಹೇಳಿದೆ. "ಯಾರ್ರೀ ಸರ್ ಆ ಶಾಣ್ಯಾ?" ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಹೆಸರನ್ನೂ ಹೇಳಿದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಪಿನ್ನು ಎಣಿಸುವುದು ಇನ್ನೂ ಬಿಟ್ಟಿಲ್ಲ. ಅದು ಬಿಡುವ ಚಟವಲ್ಲ ಬಿಡಿ.

ಆ ಭಾನುವಾರ ಲಕ್ಷ್ಮೇಶ್ವರದಿಂದ ಮನೆಗೆ ಬಂದವನು ಉಂಡು ಮಲಗಿದೆ. ಕಣ್ಣು ಮುಚ್ಚಿ, ಅಭ್ಯಾಸಬಲದಿಂದ ಒಂದು, ಎರಡು ಎಂದು ಎಣಿಸಿದ್ದು ನೆನಪಿದೆ. ಮೂರು ಎಣಿಸಿದ್ದು ನೆನಪಿಲ್ಲ. ಎದ್ದಾಗ ಸೋಮವಾರದ ಬಿಸಿಲು ಗೋಡೆಯ ಮೇಲಿತ್ತು, ಒಳಗೆ ರೊಟ್ಟಿ ಬಡಿಯುವ ಸದ್ದಿನ ಜೊತೆ ಆ ಹಾಡು ನಡೆದಿತ್ತು.