ಹಲ್ಲಿನಲ್ಲಿ ಕೇಳುವ ಗೇರ್‌ತಾತ

ಕಿವಿ ಮಂದವಾದರೂ ಗೇರ್‌ತಾತನಿಗೆ ಕೇಳಿಸದ್ದು ಯಾವುದೂ ಇಲ್ಲ. ಡೀಸೆಲ್ ರೇಸ್ ಗಾಡಿಗೆ ಗೇರ್‌ಬಾಕ್ಸ್ ಆರಿಸುವಾಗ ಕಬ್ಬಿಣದ ಸರಳಿನ ಒಂದು ತುದಿಯನ್ನು ಪೆಟ್ಟಿಗೆಗೆ ಆನಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಶಾಫ್ಟ್ ತಿರುಗಿಸುತ್ತಾ ಕೇಳುತ್ತಾನೆ. ಶಾಫ್ಟ್ ನಿಂತ ಮೇಲೂ ಹೂಂಗುಟ್ಟುತ್ತಿರುತ್ತಾನೆ. ಗಿರಾಕಿಗಳು ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಾರೆ. ಯಾರೇ ಬರಲಿ, ಇಂಜಿನ್ನಿನ ಬಲ ಕೇಳುವ ಮೊದಲು "ಮನೇಲಿ ಯಾರ್ಯಾರಿದಾರೆ?" ಅನ್ನುತ್ತಾನೆ. ಈ ಸಲ ಬಂದವನು ಹೆಂಡತಿಯನ್ನೂ ಅವಳ ಹೆಗಲ ಮೇಲೆ ನಿದ್ದೆಹೋದ ಕೂಸನ್ನೂ ಕರೆತಂದಿದ್ದ. ಮೂಲೆಯಲ್ಲಿದ್ದ, ಕೈಯಲ್ಲೇ ಗೇರ್ ಬದಲಿಸುವ ಕೈಗೇರಿನ ಪೆಟ್ಟಿಗೆಯೇ ಬೇಕೆಂದು ಹಟ ಹಿಡಿದ. "ಡೀಸೆಲ್ ಶಕ್ತಿ ಒಂದೇ ಏಟಿಗೆ ಬೀಳತ್ತಪ್ಪ. ಕೈಗೇರು ಸಿಡಿದ್ರೆ ಚೂರೆಲ್ಲ ನಿನ್ನ ಕಡೆಗೇ. ಆಟೋಮ್ಯಾಟಿಕ್ಕು ಆ ಏಟನ್ನ ಎಣ್ಣೇಲೇ ನುಂಗ್ಕೊಳತ್ತೆ." "ಅದು ಅಜ್ಜೀರು ಓಡ್ಸೋದು, ತಾತ." "ಅಜ್ಜಿ ಆಗೋವರೆಗೂ ಬದುಕಿದಾರಲ್ಲ ಅವರು." ಗಂಡ ನಗುತ್ತಾ ಗಾಡಿಯನ್ನು ಒಳಗೆ ತರಲು ಹೋದ. ತಾತ ಸರಳನ್ನು ಒರೆಸಿ ಅವಳ ಕೈಗಿತ್ತು, ಮೂಲೆಯ ಪೆಟ್ಟಿಗೆ ತೋರಿಸಿದ. ಅವಳು ಕಚ್ಚಿದಳು. ಶಾಫ್ಟನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಒಳಗೆ ಯಾರೋ ಉಸಿರಾಡುತ್ತಿದ್ದರು, ಓಟಕ್ಕೆ ಮುಂಚಿನ ಆತುರದ ಉಸಿರು. "ನನ್ನ ಮಗ," ಎಂದ ತಾತ. "ಇದು ಸಿಡಿದಾಗ ಅವನೇ ಓಡಿಸ್ತಿದ್ದ. ಮತ್ತೆ ಜೋಡಿಸಿಟ್ಟೆ. ಈಗ್ಲೂ ಓಟದ ಹಸಿರು ದೀಪ ಬಿತ್ತಾ ಅಂತ ಕೇಳ್ತಾನೆ. ಇನ್ನೂ ಇಲ್ಲ ಕಣೋ ಅಂತೀನಿ." ಗಂಡ ಮರಳಿದಾಗ ಅವಳು ಕೂಸನ್ನು ಅವನ ತೋಳಿಗೆ ಹಾಕಿ, ಪಕ್ಕದಲ್ಲಿ ಆಟೋಮ್ಯಾಟಿಕ್ ಪೆಟ್ಟಿಗೆ ಹೊತ್ತು ನಿಂತಿದ್ದ ತಳ್ಳುಗಾಡಿಗೆ ತಾನೇ ಕೈಹಚ್ಚಿದಳು. "ತಳ್ಳಿ, ತಾತ," ಎಂದಳು.