ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಸಹಿ

ಬಂಧುಗಳೇ, ಇವತ್ತು ಮಗಳ ನರ್ಸಿಂಗ್ ಸರ್ಟಿಫಿಕೇಟನ್ನು ನನ್ನ ಕೈಯಾರೆ ಹಾಳು ಮಾಡಿದೆ.

ಸವಿತಾ ಜರ್ಮನಿಗೆ ಹೋಗಿ ವರ್ಷವಾಯಿತು. ಇಲ್ಲಿಯ ಓದನ್ನು ಅಲ್ಲಿಯವರು ಇನ್ನೂ ಒಪ್ಪಿಲ್ಲ. ಹಾಗಾಗಿ ವೃದ್ಧಾಶ್ರಮವೊಂದರಲ್ಲಿ ಮುದುಕರ ಬಟ್ಟೆ ಒಗೆಯುತ್ತಿದ್ದಾಳೆ. ಅಸಲು ಸರ್ಟಿಫಿಕೇಟಿನ ಹಿಂದೆ ಸರ್ಕಾರಿ ಸೀಲು ಹಾಕಿಸಿ ಈ ತಿಂಗಳೊಳಗೆ ಕಳಿಸಿದರೆ ನರ್ಸ್ ಕೆಲಸ ಅವಳದು, ಇಲ್ಲದಿದ್ದರೆ ಬೇರೆಯವರದು.

ಬೆಳಿಗ್ಗೆ ಸೀಲು ಹಾಕುವ ಕಚೇರಿಗೆ ಹೋದೆ. ಗುಮಾಸ್ತ ಮುಟ್ಟಿ ನೋಡಿ, "ಪ್ಲಾಸ್ಟಿಕ್ ಮೇಲೆ ಸೀಲು ನಿಲ್ಲಾಕಿಲ್ಲ ಯಜಮಾನ್ರೆ. ಯಾರು ಇದ್ಕೆ ಲ್ಯಾಮಿನೇಷನ್ ಮಾಡ್ಸಿದ್ದು?" ಎಂದ.

ಮಾಡಿಸಿದವನು ನಾನೇ. ಗೆದ್ದಲು ತಿಂದೀತು ಎಂದು ಕಿಕ್ಕೇರಿಯಲ್ಲಿ ಮಾಡಿಸಿದ್ದೆ.

ಅಲ್ಲಿಂದ ಶ್ರೀರಂಗಪಟ್ಟಣದ ಜೆರಾಕ್ಸ್ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಕಿತ್ತುಕೊಡು ಎಂದೆ. ಅಂಗಡಿಯವನು, "ಬ್ಯಾಡಿ, ಕಿತ್ರೆ ಅಕ್ಷರಾನೂ ಬತ್ತವೆ. ಡೂಪ್ಲಿಕೇಟಿಗೆ ಅರ್ಜಿ ಆಕಿ" ಎಂದ.

"ಅದ್ಕೆ ಆರು ತಿಂಗ್ಳಾಯ್ತದೆ ಕಣ್ಲಾ, ಬ್ಲೇಡ್ ಕೊಡು" ಎಂದು ಗದರಿ ನಾನೇ ಕಿತ್ತೆ. ಪ್ರಿನ್ಸಿಪಾಲರ ಸಹಿ ಮತ್ತು ಮಗಳ ಹೆಸರಿನ ಅರ್ಧ ಭಾಗ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬಂದವು.

ಮಗಳಿಗೆ ಫೋನ್ ಮಾಡಿ ಹೇಳಿದೆ. "ಇರ್ಲಿ ಬುಡಪ್ಪ, ಡ್ಯೂಟಿಗೆ ಒತ್ತಾಯ್ತು" ಎಂದು ಇಟ್ಟುಬಿಟ್ಟಳು. ಬೈದಿದ್ದರೆ ವಾಸಿ ಇತ್ತು.

ಮನೆಗೆ ಬಂದು ಟ್ರಂಕು ತೆಗೆದೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗ ನನಗೆ ಕೊಟ್ಟ ಟಿ.ಸಿ. ಪ್ಲಾಸ್ಟಿಕ್ ಹಾಕಿಸದಿದ್ದರೂ ಗೆದ್ದಲು ಹಿಡಿಯದೆ ಹಾಗೇ ಇದೆ. ಹಿಂಬದಿ ಪೂರ್ತಿ ಖಾಲಿ. ಯಾವ ದೇಶದ ಸೀಲು ಬೇಕಾದರೂ ಹಾಕಬಹುದು.