ಲೆಕ್ಕದಕ್ಕನ ನಲವತ್ತೈದು ಹೆಗಲು

ಬೆಳಗಿನ ಐದು ಗಂಟೆ. ಬಸ್ ಶೆಡ್ಡಿನ ದೀಪಗಳು ಇನ್ನೂ ಪೂರ್ತಿ ಹತ್ತಿಲ್ಲ. ಬಸ್ಸಿನ ಒಳಗೆ ಹೆಂಗಸೊಬ್ಬರು ಮಂಡಿಯೂರಿ ಕುಳಿತು, ಟಾರ್ಚು ಹಿಡಿದು ಸೀಟುಗಳ ಕೆಳಗೆ ಒಂದೊಂದಾಗಿ ಇಣುಕುತ್ತಿದ್ದಾರೆ. ನಿನ್ನೆಯ ನೀರಿನ ಬಾಟಲಿ, ಮಡಿಕೆಗಳಲ್ಲಿ ಹರಿದುಹೋದ ನಕ್ಷೆ, ಯಾವುದೋ ಮಗುವಿನ ಒಂಟಿ ಕಾಲುಚೀಲ ಹೊರಗೆ ಬರುತ್ತವೆ. ಗುಡಿಸಿ ಒರೆಸುವುದಕ್ಕೆ ಬೇರೆ ಆಳಿದ್ದಾನೆ. ಇದು ಅವರ ಕೆಲಸವಲ್ಲ. ಆದರೂ ದಿನಾ ಮಾಡುತ್ತಾರೆ.

"ಖಾಲಿ ಬಸ್ಸು ನಿಜವಾಗ್ಲೂ ಖಾಲಿ ಇದೆಯಾ ಅಂತ ನೋಡ್ದೆ ಜನಾನ ಹತ್ತಿಸ್ಬಾರ್ದು" ಎನ್ನುತ್ತಾರೆ. ಹೊರಗೆ ಗಾಜು ತೊಳೆಯುತ್ತಿದ್ದ ಚಾಲಕ ಕಿಟಕಿಯಲ್ಲಿ ಮುಖ ತೂರಿಸಿ, "ಅಕ್ಕಾ, ಇವತ್ತಾದ್ರೂ ದೆವ್ವ ಗಿವ್ವ ಸಿಕ್ತಾ?" ಎಂದು ಕಿಚಾಯಿಸುತ್ತಾನೆ. "ಸಿಕ್ಕಿದ್ರೆ ನಿನ್ನ ಪಕ್ಕಾನೇ ಕೂರಿಸ್ತೀನಿ, ಮಾತಿಗೆ ಜೊತೆಯಾಗುತ್ತೆ" ಎಂದು ಅಕ್ಕ ತಲೆ ಎತ್ತದೆಯೇ ಉತ್ತರ ಕೊಡುತ್ತಾರೆ.

ಐವತ್ತಾರು ವರ್ಷದ ಈ ಹೆಂಗಸಿಗೆ ಪ್ರವಾಸದ ಕಂಪನಿಯ ಕಾಗದದಲ್ಲಿ 'ಪ್ರಯಾಣಿಕರ ಸಹಾಯಕಿ' ಎಂಬ ಹುದ್ದೆ. ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವರು ಲೆಕ್ಕದಕ್ಕ. ಜನ ಹತ್ತಿದ ಮೇಲೆ ಎಣಿಸುವುದು, ಪ್ರತಿ ನಿಲುಗಡೆಯಿಂದ ಹೊರಡುವಾಗ ಮತ್ತೆ ಎಣಿಸುವುದು, ಸಂಜೆ ಅಷ್ಟೂ ಜನರನ್ನು ತಂದು ಹೋಟೆಲಿನ ಬಾಗಿಲಿಗೆ ಬಿಡುವುದು ಅವರ ಕೆಲಸ. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದು ದಿನ ಅವರ ಹಿಂದೆ ಓಡಾಡಿ ನೋಡಬೇಕು.

ರಾಜಧಾನಿಯಲ್ಲಿ ಬೇಸಿಗೆಯೆಂದರೆ ಪರದೇಶದವರ ಕಾಲ. ಊರಿನವರು ಬಿಸಿಲಿಗೆ ಹೆದರಿ ಕಿಟಕಿ ಮುಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ದೂರದೂರದ ದೇಶಗಳವರು ಕ್ಯಾಮೆರಾ ನೇತುಹಾಕಿಕೊಂಡು ಬಂದಿಳಿಯುತ್ತಾರೆ. ಅರಮನೆ, ಹಳೆಯ ಸೇತುವೆ, ವಸ್ತುಸಂಗ್ರಹಾಲಯ, ಗಡಿಯಾರದ ಗೋಪುರ, ಹೊಳೆದಂಡೆಯ ಮಾರುಕಟ್ಟೆ, ಕೊನೆಗೆ ಊರಾಚೆ ಗುಡ್ಡದ ಮೇಲಿನ ಕೋಟೆ. ಮೈಕು ಹಿಡಿದು ರಾಜರಾಣಿಯರ ಕಥೆ ಹೇಳುವ ಗೈಡಿನ ಜೊತೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊಗಳ ಅಂಚಿನಲ್ಲಿ ಎಲ್ಲೋ ಅಕ್ಕನ ಒಂದು ಮೊಣಕೈಯೋ, ನೀಲಿ ಕೋಟಿನ ತುದಿಯೋ ಬಿದ್ದಿರಬಹುದು, ಅಷ್ಟೇ.

ಅವರ ಎಣಿಕೆಯೇ ಬೇರೆ. ಬಸ್ಸಿನ ಹಿಂದಿನ ಸಾಲಿನಿಂದ ಶುರು ಮಾಡಿ, ಬಲಗೈಯಲ್ಲಿ ಒಬ್ಬೊಬ್ಬರ ಹೆಗಲನ್ನೂ ಮೆಲ್ಲಗೆ ಮುಟ್ಟುತ್ತಾ ಮುಂದೆ ಬರುತ್ತಾರೆ. ಎಡಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿರುತ್ತದೆ. ಒಂದು ಕೈಗೆ ಹನ್ನೆರಡು ಗೆಣ್ಣು. ಮೂರು ಸುತ್ತು ಮುಗಿದು ಮೇಲೆ ಒಂಬತ್ತು ಗೆಣ್ಣು ಬಂದರೆ ಬಸ್ಸು ತುಂಬಿದೆ ಎಂದರ್ಥ: ನಲವತ್ತೈದು. ದಿನಕ್ಕೆ ಏಳು ಎಣಿಕೆ, ಮುನ್ನೂರ ಹದಿನೈದು ಹೆಗಲು. ವಾರಕ್ಕೆ ಆರು ದಿನದಂತೆ ಹದಿನಾಲ್ಕು ವಾರದ ಬೇಸಿಗೆಗೆ ಇಪ್ಪತ್ತಾರು ಸಾವಿರ ದಾಟುತ್ತದೆ. ಒತ್ತಿದರೆ ಅಂಕಿ ಏರುವ ಪುಟ್ಟ ಯಂತ್ರವೊಂದನ್ನು ಕಂಪನಿ ಕೊಟ್ಟಿದೆ. ಅದು ಕೋಟಿನ ಜೇಬಿನಲ್ಲಿ ತಣ್ಣಗೆ ಮಲಗಿದೆ.

"ಅದು ನನ್ನ ಬೆರಳನ್ನ ಎಣ್ಸುತ್ತೆ, ಜನಾನ ಎಣ್ಸಲ್ಲ" ಎನ್ನುವುದು ಅವರ ತಕರಾರು. "ಹೆಗಲು ಮುಟ್ಟಿದ್ರೆ ಬಿಸಿ ಗೊತ್ತಾಗುತ್ತೆ. ಆಗ ಮನುಷ್ಯ ಇದಾನೆ ಅಂತ ನಂಬ್ಕೆ."

ಆದರೆ ಪರದೇಶದವರಿಗೆ ಗುರುತು ಪರಿಚಯವಿಲ್ಲದ ಹೆಂಗಸು ದಿನಕ್ಕೆ ಏಳು ಸಲ ಮೈ ಮುಟ್ಟುವುದು ಹಿಡಿಸುವುದಿಲ್ಲ. ಇವತ್ತು ಮೊದಲ ಎಣಿಕೆಯಲ್ಲೇ ಒಬ್ಬಾಕೆ ಹೆಗಲು ಕೊಡವಿಕೊಂಡು ಗಂಡನ ಕಡೆ ನೋಡುತ್ತಾಳೆ. ಅಕ್ಕ ಕೈ ಮುಗಿದು ಮುಂದೆ ಹೋಗುತ್ತಾರೆ. ಅವರ ಮೇಲೆ ಈ ಬೇಸಿಗೆಯಲ್ಲಿ ಈಗಾಗಲೇ ಎರಡು ದೂರು ದಾಖಲಾಗಿವೆ. ಒಂದು ಮೈ ಮುಟ್ಟಿದ್ದಕ್ಕೆ, ಇನ್ನೊಂದು ಬಸ್ಸು ತಡ ಮಾಡಿಸಿದ್ದಕ್ಕೆ. ಒಂದು ಬೇಸಿಗೆಗೆ ಮೂರು ದೂರು ಬಂದರೆ ಮನೆಗೆ ಎನ್ನುವುದು ಕಂಪನಿಯ ನಿಯಮ. ಬೇಸಿಗೆ ಮುಗಿಯಲು ಇನ್ನೂ ಐದು ವಾರ ಇದೆ.

ಯಂತ್ರ ಒತ್ತಿಕೊಂಡು ಸುಮ್ಮನಿದ್ದರೆ ಆಗದೇ? ಆಗದು. ಅದಕ್ಕೆ ಕಾರಣ ಎಂಟು ವರ್ಷದ ಹಿಂದಿನ ಒಂದು ಸಂಜೆ.

ಆಗ ಎಲ್ಲ ಬಸ್ಸುಗಳಲ್ಲೂ ಎಣಿಸುತ್ತಿದ್ದುದು ಟೋಪಿಗಳನ್ನು. ಪ್ರತಿ ಪ್ರವಾಸಿಗೂ ಕಂಪನಿ ಒಂದು ಹಳದಿ ಟೋಪಿ ಕೊಡುತ್ತಿತ್ತು. ಚಾಲಕನ ಪಕ್ಕದಲ್ಲಿ ನಿಂತು ಸೀಟುಗಳ ಮೇಲೆ ಕಾಣುವ ಹಳದಿ ತಲೆಗಳನ್ನು ಎಣಿಸಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಅಂದು ಕೋಟೆಯ ನಿಲುಗಡೆಯಲ್ಲಿ, ಹದಿನೇಳನೇ ಸೀಟಿನಲ್ಲಿ ಒಬ್ಬರೇ ಬಂದಿದ್ದ ಮುದುಕರು, ಕಿಟಕಿ ಪಕ್ಕದ ಜಾಗ ಬೇರೆಯವರ ಪಾಲಾಗದಿರಲೆಂದು ಸೀಟಿನ ಬೆನ್ನಿಗೆ ಟೋಪಿ ಸಿಕ್ಕಿಸಿ, ಕೋಟೆಯ ಬಾಗಿಲೊಳಗೆ ತಗ್ಗಿನಲ್ಲಿರುವ ನೀರಿನ ತೊಟ್ಟಿಯನ್ನು ಇನ್ನೊಮ್ಮೆ ನೋಡಲು ಇಳಿದು ಹೋಗಿದ್ದರು. ಅಕ್ಕ ನಲವತ್ತೈದು ಹಳದಿ ಎಣಿಸಿ, "ಆಯ್ತು, ಹೊರಡಿ" ಎಂದರು. ಬಾಗಿಲು ಮುಚ್ಚಿತು.

ಹೊರಗೆ ಬಸ್ಸು ಕಾಣದ ಕಾರಣ ಎಲ್ಲರೂ ಹೋದರೆಂದೇ ಕೋಟೆಯ ಕಾವಲುಗಾರ ತಿಳಿದ. ಐದಕ್ಕೆ ಗಂಟೆ ಬಾರಿಸಿ ಬೀಗ ಹಾಕಿದ. ಮುದುಕರ ಎದೆನೋವಿನ ಮಾತ್ರೆ ಬಸ್ಸಿನೊಳಗೆ ಅವರ ಚೀಲದಲ್ಲಿತ್ತು. ಊರು ಮುಟ್ಟಿ ಎಲ್ಲರೂ ಇಳಿದ ಮೇಲೆ ಸೀಟಿನಲ್ಲಿ ಟೋಪಿ, ಚೀಲ ಮಾತ್ರ ಉಳಿದದ್ದು ಕಂಡು, ಬಸ್ಸು ತಿರುಗಿಸಿ, ಕಾವಲುಗಾರನನ್ನು ಮನೆಯಿಂದ ಎಬ್ಬಿಸಿ ಬಾಗಿಲು ತೆರೆಸುವಾಗ ಹೆಚ್ಚುಕಡಿಮೆ ನಾಲ್ಕು ಗಂಟೆ ಕಳೆದಿತ್ತು. ಅವರು ಬಾಗಿಲಿಗೆ ಒರಗಿಯೇ ಕುಳಿತಿದ್ದರು. ಬಾಗಿಲು ತೆರೆದಾಗ ಹೊರಗೆ ವಾಲಿಬಿದ್ದರು. ಮೈ ತಣ್ಣಗಾಗಿತ್ತು.

ವಿಚಾರಣೆ ನಡೆಯಿತು. ಅಕ್ಕ ತಪ್ಪು ನನ್ನದೇ ಎಂದು ಬರೆದುಕೊಡಲು ಹೋದರು. ಮೇಲ್ವಿಚಾರಕರು ಅವರ ಕೈಯಿಂದ ಕಾಗದ ಕಿತ್ತುಕೊಂಡರಂತೆ. "ಹಾಗೆಲ್ಲ ಬರೀಬೇಡಮ್ಮ, ತಪ್ಪು ನಮ್ಮದು ಅಂತ ಕಾಗದದ ಮೇಲೆ ಬಂದ್ರೆ ಅಷ್ಟೂ ಬಸ್ಸು ನಿಲ್ಲುತ್ತೆ, ನೂರು ಮನೆ ಒಲೆ ಆರುತ್ತೆ" ಎಂದರಂತೆ. ಅಕ್ಕ ಸುಮ್ಮನಾದರು. ಒಳಗೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಳ್ಳದೆ ಬೀಗ ಹಾಕಿದ್ದಕ್ಕೆ ಕಾವಲುಗಾರನ ಕೆಲಸ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆ ಮನುಷ್ಯ ಈಗ ಅದೇ ಕೋಟೆಯ ಮೆಟ್ಟಿಲ ಬುಡದಲ್ಲಿ ತಳ್ಳುಗಾಡಿ ಇಟ್ಟುಕೊಂಡು ತಣ್ಣನೆಯ ನೀರು ಮಾರುತ್ತಾನೆ. ವಾರಕ್ಕೆ ಆರು ದಿನ ಇಬ್ಬರೂ ಹತ್ತು ಮಾರು ದೂರದಲ್ಲಿ ನಿಂತಿರುತ್ತಾರೆ. ಎಂಟು ವರ್ಷದಲ್ಲಿ ಒಂದು ಮಾತಿಲ್ಲ. "ಅವನು ಬೈದಿದ್ರೆ ಚೆನ್ನಾಗಿರ್ತಿತ್ತು. ಮುಖಾನೇ ನೋಡಲ್ಲ" ಎನ್ನುವಾಗ ಅಕ್ಕನ ದನಿ ಬೀಳುತ್ತದೆ.

ಅಂದು ಬಸ್ಸು ಓಡಿಸುತ್ತಿದ್ದವರು ಅಕ್ಕನ ಯಜಮಾನರು. ಆಮೇಲೆ ಅವರು ಚಾಲಕನ ಸೀಟು ಹತ್ತಲಿಲ್ಲ. ಶೆಡ್ಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ; ಅಡುಗೆಮನೆಯ ಕಿಟಕಿ ತೆರೆದರೆ ಬಸ್ಸುಗಳ ಬೆನ್ನು ಕಾಣುತ್ತದೆ. ಹಗಲಿಡೀ ಆ ಕಿಟಕಿಯ ಪರದೆ ಎಳೆದು, ಬಟ್ಟೆ ಮಡಿಸಿ, ಪಾತ್ರೆ ತೊಳೆದು, ಹೆಂಡತಿ ಬರುವ ಹೊತ್ತಿಗೆ ಅನ್ನ ಮಾಡಿಟ್ಟಿರುತ್ತಾರೆ. ಹೆಂಡತಿಯ ಮೇಲೆ ಒಂದು ದಿನವೂ ಬೆರಳು ತೋರಿಸಿದವರಲ್ಲ. "ಅವಳು ಎಣಿಸಿದಳು, ಸರಿ. ಬಾಗಿಲು ಹಾಕಿದ್ದು ನಾನು ತಾನೆ? ಕನ್ನಡಿಲಿ ಒಂದು ಸಲ ಹಿಂದೆ ನೋಡಿದ್ರೆ ಅವರು ಓಡಿ ಬರ್ತಿದ್ರೋ ಏನೋ" ಎನ್ನುತ್ತಾರೆ. ಆ 'ಏನೋ' ಇಬ್ಬರನ್ನೂ ಹಿಂಡಿ ಹಿಪ್ಪೆ ಮಾಡಿದೆ. ಮನೆ ನಡೆಯುವುದು ಅಕ್ಕನ ದುಡಿಮೆಯಿಂದ ಮಾತ್ರ.

ಇವತ್ತಿನ ದಿನ ಕೋಟೆಯವರೆಗೂ ನೆಟ್ಟಗೇ ಸಾಗುತ್ತದೆ. ಸಂಜೆ ನಾಲ್ಕೂಮುಕ್ಕಾಲು, ಏಳನೆಯ ಎಣಿಕೆ. ಹಿಂದಿನಿಂದ ಬರುತ್ತಾ ಅಕ್ಕನ ಹೆಬ್ಬೆರಳು ಮೂರು ಸುತ್ತು ಮುಗಿಸಿ ಎಂಟನೇ ಗೆಣ್ಣಿನ ಮೇಲೆ ನಿಲ್ಲುತ್ತದೆ. ನಲವತ್ತನಾಲ್ಕು. ಮತ್ತೆ ಹಿಂದೆ ಹೋಗಿ ಮತ್ತೆ ಮುಟ್ಟುತ್ತಾರೆ. ನಲವತ್ತನಾಲ್ಕೇ. ಮೂವತ್ತೊಂದನೇ ಸೀಟಿನ ಹುಡುಗಿ ಇಲ್ಲ, ಒಬ್ಬಳೇ ಬಂದಿದ್ದವಳು. ಅವಳ ಚೀಲವೂ ಇಲ್ಲ.

"ಚೀಲ ತಗೊಂಡು ಹೋಗಿದಾಳೆ ಅಂದ್ರೆ ಬೇರೆ ಗಾಡೀಲಿ ಹೋಗಿರ್ತಾಳೆ ಅಕ್ಕಾ. ಆಫೀಸಿಗೆ ಫೋನ್ ಮಾಡಿದೀನಿ, ಅವ್ರು ಹುಡುಕ್ತಾರೆ. ನಡೀರಿ" ಎಂದು ಚಾಲಕ ದನಿ ತಗ್ಗಿಸುತ್ತಾನೆ. "ಈಗ ತಡವಾದ್ರೆ ಮೂರ್ನೇ ದೂರು. ನಿಮ್ಮ ಕೈ ಮುಗೀತೀನಿ."

"ಬಾಗಿಲು ಹಾಕ್ಬೇಡ" ಎಂದಷ್ಟೇ ಹೇಳಿ ಅಕ್ಕ ಇಳಿಯುತ್ತಾರೆ.

ಕೋಟೆಗೆ ಇನ್ನೂರ ಹನ್ನೆರಡು ಮೆಟ್ಟಿಲು. ಬಿಸಿಲು ಇನ್ನೂ ಕಲ್ಲಿನಿಂದ ಇಳಿದಿಲ್ಲ. ಅಕ್ಕ ಸೆರಗಿಗೋ ಕರವಸ್ತ್ರಕ್ಕೋ ತಡಕಾಡದೆ ಕೋಟಿನ ತೋಳಿನಲ್ಲೇ ಮುಖ ಒರೆಸಿಕೊಂಡು ಹತ್ತತೊಡಗುತ್ತಾರೆ. ಆಗ ತಳ್ಳುಗಾಡಿಯ ಕಡೆಯಿಂದ ದನಿ ಬರುತ್ತದೆ.

"ಎಷ್ಟು ಕಮ್ಮಿ?"

ಹಳೆಯ ಕಾವಲುಗಾರ. ಅಕ್ಕ ಮೆಟ್ಟಿಲ ಮೇಲೆಯೇ ತಿರುಗುತ್ತಾರೆ. "ಒಂದು" ಎನ್ನುತ್ತಾರೆ.

"ನೀನು ಮೇಲೆ ನೋಡು. ತೊಟ್ಟಿ ಕಡೆ ನಾನು ನೋಡ್ತೀನಿ." ಗಾಡಿಯನ್ನು ಹಾಗೇ ಬಿಟ್ಟು, ಒಂದು ಕಾಲು ಎಳೆಯುತ್ತಾ ಅವನು ಕೆಳದಾರಿ ಹಿಡಿಯುತ್ತಾನೆ. ಎಂಟು ವರ್ಷದಲ್ಲಿ ಅವನಾಡಿದ ಮೊದಲ ಮಾತು ಅದು.

ಐವತ್ತೈದು ನಿಮಿಷ. ಐದರ ಗಂಟೆ ಬಾರಿಸಿದರೂ ಈಗಿನ ಕಾವಲುಗಾರ ಬೀಗ ಹಾಕದೆ ಕಾಯುತ್ತಾನೆ. ಬುರುಜು, ಕಾವಲುಗೂಡು, ಹೆಂಗಸರ ಶೌಚಾಲಯ, ಪೊದೆಯ ಹಿಂದು, ಎಲ್ಲ ಕಡೆ ಅಕ್ಕ ಕೂಗಿ ನೋಡುತ್ತಾರೆ. ಕೆಳಗೆ ಬಸ್ಸಿನಲ್ಲಿ ಮಗುವೊಂದು ಅತ್ತು ಅತ್ತು ವಾಂತಿ ಮಾಡಿಕೊಳ್ಳುತ್ತದೆ. ಸಂಜೆಯ ರೈಲು ಹಿಡಿಯಬೇಕಿದ್ದ ವಯಸ್ಸಾದ ದಂಪತಿ ಗಡಿಯಾರ ನೋಡಿ ನೋಡಿ, ಕೊನೆಗೆ ನೋಡುವುದನ್ನೇ ಬಿಡುತ್ತಾರೆ. ಆಮೇಲೆ ಆಫೀಸಿನಿಂದ ಚಾಲಕನಿಗೆ ಫೋನು, ಅವನಿಂದ ಅಕ್ಕನಿಗೆ. ಹುಡುಗಿ ಕೋಟೆಯಲ್ಲಿ ಸಿಕ್ಕ ಗೆಳೆಯರ ಕಾರಿನಲ್ಲಿ ಎಣಿಕೆಗೆ ಮುಂಚೆಯೇ ಹೊರಟು ಊರಿಗೆ ವಾಪಸಾಗಿ, ಹೋಟೆಲಿನಲ್ಲಿ ತಲೆಗೆ ಸ್ನಾನ ಮಾಡಿ ಮಲಗಿದ್ದಾಳೆ. ಒಂದು ಮಾತು ಹೇಳಿ ಹೋಗಬೇಕೆಂದು ಅವಳಿಗೆ ಹೊಳೆದಿಲ್ಲ.

ಅಕ್ಕ ಇಳಿದು ಬಂದಾಗ ಕಾವಲುಗಾರ ಆಗಲೇ ಗಾಡಿಯ ಬಳಿ ನಿಂತಿದ್ದಾನೆ, ಮೊಣಕಾಲವರೆಗೆ ಕೆಸರು. ಅವನ ಐಸೆಲ್ಲ ಕರಗಿ ನೀರಾಗಿದೆ. "ಸಿಕ್ಕಳಂತೆ" ಎಂದು ಅಕ್ಕ ಹೇಳುತ್ತಾರೆ. ಅವನು ತಲೆಯಾಡಿಸಿ, ಉಳಿದ ಬಾಟಲಿಗಳನ್ನು ಒರೆಸತೊಡಗುತ್ತಾನೆ. ಬಸ್ಸಿನಲ್ಲಿ ಆಗಲೇ ಒಂದು ಕಾಗದ ಕೈಯಿಂದ ಕೈಗೆ ಹೋಗಿದೆ. ಹತ್ತೊಂಬತ್ತು ಸಹಿ. ರೈಲು ತಪ್ಪಿದ ದಂಪತಿಯದೂ ಇದೆ. ಅವರನ್ನು ತಪ್ಪು ಎನ್ನಲಾಗದು, ಅಕ್ಕನೂ ಎನ್ನುವುದಿಲ್ಲ.

ಶೆಡ್ಡಿನ ಪಕ್ಕದ ಆಫೀಸಿನಲ್ಲಿ ಅದೇ ಮೇಲ್ವಿಚಾರಕರು ಕಾದಿದ್ದಾರೆ. ತಲೆ ನರೆತಿದೆ, ಕೆಟ್ಟವರಲ್ಲ. ಅಕ್ಕನಿಗೆ ಕುರ್ಚಿ ಎಳೆದು ಕೂರಿಸಿ, ಫ್ಯಾನು ಅವರ ಕಡೆ ತಿರುಗಿಸುತ್ತಾರೆ. "ನೋಡಮ್ಮ, ಈ ದೂರನ್ನ ನಾನು ಹೊಟ್ಟೆಗೆ ಹಾಕ್ಕೋತೀನಿ. ನನ್ನಿಂದ ತಪ್ಪಾಯ್ತು, ಇನ್ನು ಹೀಗೆ ಮಾಡಲ್ಲ ಅಂತ ಎರಡು ಸಾಲು ಬರ್ಕೊಡು ಸಾಕು. ನಾಳೆ ಯಥಾಪ್ರಕಾರ ಬಾ. ಯಜಮಾನ್ರನ್ನ ನೆನೆಸ್ಕೋ, ಹಟ ಮಾಡ್ಬೇಡ" ಎಂದು ಬಿಳಿ ಹಾಳೆ, ಪೆನ್ನು ಮುಂದಿಡುತ್ತಾರೆ.

ಅಕ್ಕ ಹಾಳೆಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಆಮೇಲೆ, ಅಕ್ಷರ ಕಲಿಯುವ ಮಕ್ಕಳ ಹಾಗೆ ಒತ್ತಿ ಒತ್ತಿ ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಡುತ್ತಾರೆ. ಮೇಲ್ವಿಚಾರಕರು ಕನ್ನಡಕ ಏರಿಸಿ ಓದುತ್ತಾರೆ. ಎಂಟು ವರ್ಷದ ಕೆಳಗೆ ಕೋಟೆಯಲ್ಲಿ ಸತ್ತವರನ್ನು ಎಣಿಸದೆ ಬಿಟ್ಟು ಬಂದವಳು ನಾನು, ಬೀಗ ಹಾಕಿದ ಕಾವಲುಗಾರನ ತಪ್ಪು ಏನೂ ಇಲ್ಲ ಎಂದಿದೆ.

"ಇದಲ್ಲಮ್ಮ ನಾನು ಕೇಳಿದ್ದು" ಎಂದು ಅವರು ಕನ್ನಡಕ ತೆಗೆಯುತ್ತಾರೆ. "ಇದು ಮೇಲಕ್ಕೆ ಹೋದ್ರೆ ನಿನ್ನ ಕೆಲಸ ಉಳಿಯಲ್ಲ. ಗೊತ್ತಿದೆ ತಾನೆ?"

ಅಕ್ಕ ಎದ್ದು ನಿಂತು ನೀಲಿ ಕೋಟು ಬಿಚ್ಚಿ, ಮಡಿಸಿ, ಮೇಜಿನ ಮೇಲಿಡುತ್ತಾರೆ.

"ನಾನು ಮಾಡಿದ ತಪ್ಪು ಅದು ಸಾರ್. ಇವತ್ತು ನನ್ನ ಲೆಕ್ಕ ಸರಿಯಾಗಿತ್ತು."